ಬರೆಯಲು ಸಮಯವಿಲ್ಲದಿದ್ದರೂ ಅಫಿಲಿಯೇಟ್ ವೆಬ್‌ಸೈಟ್‌ನಿಂದ ಕುಳಿತಲ್ಲೇ ಆದಾಯ ಬರುತ್ತದೆಯೇ?

"ಒಂದು ವೆಬ್‌ಸೈಟ್ ಮಾಡಿ ಬಿಟ್ಟರೆ ಸಾಕು, ನೀವು ಮಲಗಿದ್ದರೂ ಖಾತೆಗೆ ಹಣ ಬರುತ್ತದೆ. ಬರೆಯುವ ತಲೆನೋವೂ ಇಲ್ಲ." ಇಂಥ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಕಲಬುರಗಿ ಜಿಲ್ಲೆಯ ಚಿಂಚೋಳಿಯಂಥ ತಾಲ್ಲೂಕಿನಿಂದ ಪ್ರತಿ ವರ್ಷ ಅನೇಕರು ಕೆಲಸ ಹುಡುಕಿ ಹೈದರಾಬಾದ್, ಮುಂಬೈ ಕಡೆಗೆ ಗುಳೆ ಹೋಗುತ್ತಾರೆ. ಊರಲ್ಲೇ ಇದ್ದು ದುಡಿಯಬಹುದು ಎಂಬ ಮಾತು ಅಂಥ ಕಡೆ ಆಸೆ ಹುಟ್ಟಿಸುವುದು ಸಹಜ. ಹಾಗಾದರೆ ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ನೋಡೋಣ.

ಅಫಿಲಿಯೇಟ್ ಎಂದರೇನು?

ಇದು ದಲಾಲಿಯ ಆನ್‌ಲೈನ್ ರೂಪ. ನಿಮ್ಮ ಲೇಖನದಲ್ಲಿ ಒಂದು ವಸ್ತುವಿನ ಲಿಂಕ್ ಇರುತ್ತದೆ. ಓದುಗರು ಅದನ್ನು ಒತ್ತಿ ಹೋಗಿ ಕೊಂಡರೆ ಅಂಗಡಿಯವರು ನಿಮಗೆ ಕಮಿಷನ್ ಕೊಡುತ್ತಾರೆ. ಅಮೆಜಾನ್ 1996ರಲ್ಲೇ ಇಂಥ ಯೋಜನೆ ಆರಂಭಿಸಿತು. ಆದ್ದರಿಂದ ಅಫಿಲಿಯೇಟ್ ಎಂಬುದೇ ಮೋಸವಲ್ಲ. ಇದಕ್ಕೆ ಸೇರಲು ಶುಲ್ಕವೂ ಇಲ್ಲ.

ಆದರೆ ಷರತ್ತುಗಳಿವೆ. ಅಮೆಜಾನ್‌ನಲ್ಲಿ ಲಿಂಕ್ ಒತ್ತಿದ ಮೇಲೆ ಸಾಮಾನ್ಯವಾಗಿ 24 ಗಂಟೆಯೊಳಗಿನ ಖರೀದಿ ಮಾತ್ರ ನಿಮ್ಮ ಲೆಕ್ಕಕ್ಕೆ ಬರುತ್ತದೆ. ನಿಮಗಾಗಿ ನೀವೇ ಕೊಂಡರೆ ಕಮಿಷನ್ ಇಲ್ಲ.

ಲೆಕ್ಕ ಹಾಕಿ ನೋಡೋಣ

ತಿಂಗಳಿಗೆ ₹10,000 ಬರಬೇಕು ಎಂದುಕೊಳ್ಳಿ. ಉದಾಹರಣೆಗೆ ₹1,000ದ ವಸ್ತುವಿಗೆ ಶೇ 4ರಷ್ಟು ಕಮಿಷನ್ ಎಂದು ಹಿಡಿದರೆ, ಒಂದು ಮಾರಾಟಕ್ಕೆ ₹40. ಅಂದರೆ 250 ಮಾರಾಟ ಆಗಬೇಕು. ಲಿಂಕ್ ಒತ್ತಿದ 100 ಜನರಲ್ಲಿ ಇಬ್ಬರು ಕೊಂಡರೆ 12,500 ಜನ ಲಿಂಕ್ ಒತ್ತಬೇಕು. ಓದಿದ ಹತ್ತು ಜನರಲ್ಲಿ ಒಬ್ಬರು ಲಿಂಕ್ ಒತ್ತಿದರೆ ತಿಂಗಳಿಗೆ 1,25,000 ಓದುಗರು, ಅಂದರೆ ದಿನಕ್ಕೆ ಸುಮಾರು 4,000 ಜನ ಬರಬೇಕು. ಡೊಮೇನ್, ಹೋಸ್ಟಿಂಗ್‌ಗೆ ಪ್ರತಿ ವರ್ಷ ಕಟ್ಟುವ ಹಣ ಬೇರೆ.

ಇಷ್ಟು ಓದುಗರು ಸುಮ್ಮನೆ ಬರುವುದಿಲ್ಲ. ಬಹುಪಾಲು ಜನ ಗೂಗಲ್ ಹುಡುಕಾಟದಿಂದಲೇ ಬರಬೇಕು. ಸಂದೇಶ ಮುಚ್ಚಿಡುವ ವಿಷಯವೂ ಇದೇ.

ಕಾಪಿ ಮಾಡಿ ಹಾಕಿದರೆ ನಡೆಯುವುದಿಲ್ಲವೇ?

ಅಂಗಡಿಯ ಪುಟದ ವಿವರಣೆಯನ್ನೇ ನಕಲು ಮಾಡಿ ಲಿಂಕ್ ಸೇರಿಸಿದ ಪುಟಗಳನ್ನು ಗೂಗಲ್ ತನ್ನ ನಿಯಮದಲ್ಲಿ ಸ್ಪ್ಯಾಮ್ ಎಂದೇ ಕರೆಯುತ್ತದೆ. 2024ರ ಮಾರ್ಚ್‌ನಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿ ಪುಟಗಳನ್ನು ತಯಾರಿಸುವುದು, ಅವನ್ನು ಎಐ ಬರೆದಿರಲಿ ಮನುಷ್ಯರು ಬರೆದಿರಲಿ, ಉಲ್ಲಂಘನೆ ಎನಿಸಿಕೊಂಡಿತು. ಅಂಥ ಸೈಟ್ ಹುಡುಕಾಟದಲ್ಲಿ ಕೆಳಗಿಳಿಯಬಹುದು, ಪೂರ್ತಿ ಮಾಯವೂ ಆಗಬಹುದು.

ಹಾಗಾದರೆ ಸಮಯ ಕಡಿಮೆ ಇದ್ದವರಿಗೆ ದಾರಿಯೇ ಇಲ್ಲವೇ?

ಇದೆ. ಹತ್ತಾರು ವಿಷಯ ಬಿಟ್ಟು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಷಯ ಹಿಡಿಯಿರಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ತೊಗರಿ ಬೆಳೆದವರು ಕುಡಿ ಚಿವುಟುವ ಯಂತ್ರವನ್ನೋ ಔಷಧಿ ಸಿಂಪಡಿಸುವ ಪಂಪನ್ನೋ ತಮ್ಮ ಹೊಲದಲ್ಲಿ ಬಳಸಿ, ಫೋಟೊ ಸಮೇತ ಬರೆದರೆ ಅದು ಬೇರೆಯವರು ನಕಲು ಮಾಡಲಾಗದ ಮಾಹಿತಿ. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿ ಕಾಡು, ಚಂದ್ರಂಪಳ್ಳಿ ಜಲಾಶಯಕ್ಕೆ ಬರುವವರಿಗೆ ಏನು ತರಬೇಕು, ಎಲ್ಲಿ ಉಳಿಯಬೇಕು ಎಂಬುದನ್ನು ಅಲ್ಲಿಯವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ವಾರಕ್ಕೆ ಒಂದೇ ಲೇಖನವಾದರೂ ಸರಿ, ವರ್ಷಕ್ಕೆ ಐವತ್ತಾಗುತ್ತದೆ. ಹಳೆಯ ಬೆಲೆ, ಕೆಟ್ಟ ಲಿಂಕ್‌ಗಳನ್ನು ಮಾತ್ರ ಆಗಾಗ ಸರಿಪಡಿಸುತ್ತಿರಬೇಕು.

ತೊಗರಿ ಮುಂಗಾರಿನಲ್ಲಿ ಬಿತ್ತಿದರೆ ರಾಶಿ ಮಾಡಲು ಐದಾರು ತಿಂಗಳು ಬೇಕು. ನಡುವೆ ಹೊಲದ ಕಡೆ ಹೋಗದಿದ್ದರೆ ಕಾಯಿಕೊರಕ ಬಿಡುವುದಿಲ್ಲ. ವೆಬ್‌ಸೈಟ್ ಕೂಡ ಹೀಗೆಯೇ. ಮೊದಲ ತಿಂಗಳುಗಳಲ್ಲಿ ಏನೂ ಬಾರದೆ ಇರಬಹುದು. ಆದ್ದರಿಂದ ಸಾಲ ಮಾಡಿ, ಇರುವ ಕೆಲಸ ಬಿಟ್ಟು ಇದಕ್ಕೆ ಇಳಿಯಬೇಡಿ.

ಕಾನೂನು ಏನು ಹೇಳುತ್ತದೆ?

ಕಮಿಷನ್ ಸಿಗುವುದಾದರೆ ಓದುಗರಿಗೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ₹10 ಲಕ್ಷದವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ ₹50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಕಮಿಷನ್ ಕೂಡ ಆದಾಯವೇ, ತೆರಿಗೆ ಲೆಕ್ಕಕ್ಕೆ ಸೇರುತ್ತದೆ.

ಮೋಸ ಗುರುತಿಸುವುದು ಹೇಗೆ?

• ಸೇರಲು ಮೊದಲು ಹಣ ಕಟ್ಟಿ ಎನ್ನುತ್ತಾರೆ.
• ವಸ್ತು ಮಾರಿದ್ದಕ್ಕಲ್ಲ, ಹೊಸಬರನ್ನು ಸೇರಿಸಿದ್ದಕ್ಕೆ ಹಣ ಕೊಡುತ್ತೇವೆ ಎನ್ನುತ್ತಾರೆ. ಇಂಥ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ.
• ತಿಂಗಳಿಗೆ ಇಷ್ಟು ಖಚಿತ ಎಂದು ಭರವಸೆ ಕೊಡುತ್ತಾರೆ.
• ಒಟಿಪಿ ಕೇಳುತ್ತಾರೆ, ಇಲ್ಲವೇ ನಿಮ್ಮ ಬ್ಯಾಂಕ್ ಖಾತೆಯನ್ನು ಬಳಸಲು ಕೊಡಿ ಎನ್ನುತ್ತಾರೆ.

ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಮ್ಮ ತೀರ್ಮಾನ: ಅರ್ಧ ಸತ್ಯ. ಅಫಿಲಿಯೇಟ್‌ನಿಂದ ಆದಾಯ ಸಾಧ್ಯ, ಆದರೆ ಕೆಲಸ ಮಾಡದೆ ಬರುವ ಆದಾಯ ಅದಲ್ಲ. ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಮೊದಲು ಹಣ ಕೊಡುತ್ತಿರುವವರು ಯಾರು? ನೀವೇ ಆಗಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ.