ಪದಬಂಧಕ್ಕೆ ನೆರವು: ನಿಘಂಟನ್ನು ಹಿಮ್ಮುಖವಾಗಿ ಓದಿದ ಚರಿತ್ರೆ

1. ಪ್ರಸ್ತಾವನೆ

ದಿನಪತ್ರಿಕೆಯ ಪದಬಂಧವನ್ನು ಬಿಡಿಸಲು ನೆರವು ಪಡೆಯುವುದು ಪದಬಂಧದಷ್ಟೇ ಹಳೆಯ ರೂಢಿ. ನಿಘಂಟು, ಗ್ರಂಥಾಲಯ, ಮನೆಯ ಹಿರಿಯರು, ಗಣಕಯಂತ್ರ ಎಲ್ಲವೂ ಈ ನೆರವಿನ ಆಕರಗಳಾಗಿವೆ. ಈ ಚರಿತ್ರೆಯನ್ನು ಕೇವಲ ಕಾಲಕ್ಷೇಪದ ಚರಿತ್ರೆಯೆಂದು ಬದಿಗಿಡುವುದು ಸುಲಭ. ನಾವು ಇಲ್ಲಿ ಅದನ್ನು ಶಬ್ದಕೋಶಗಳ ವಿನ್ಯಾಸದ ಚರಿತ್ರೆಯಾಗಿ ನೋಡುತ್ತೇವೆ. ಸಾಮಾನ್ಯ ನಿಘಂಟು ಪದದಿಂದ ಅರ್ಥದ ಕಡೆಗೆ ಸಾಗುತ್ತದೆ. ಪದಬಂಧ ಬಿಡಿಸುವವರ ಸ್ಥಿತಿ ಇದಕ್ಕೆ ವಿರುದ್ಧವಾದುದು: ಅವರಿಗೆ ಅರ್ಥದ ಸುಳಿವು ತಿಳಿದಿದೆ, ಪದದ ಉದ್ದ ತಿಳಿದಿದೆ, ನಡುವಿನ ಒಂದೆರಡು ಅಕ್ಷರಗಳೂ ತಿಳಿದಿವೆ, ಪದ ಮಾತ್ರ ತಿಳಿದಿಲ್ಲ. ಈ ಕೊರತೆಯನ್ನು ತುಂಬಲು ಶಬ್ದಸಂಪತ್ತನ್ನು ಎಷ್ಟು ಬಗೆಯಲ್ಲಿ ಮರುಜೋಡಿಸಲಾಯಿತು, ಆ ಜೋಡಣೆಗಳಲ್ಲಿ ಯಾವುದು ಕನ್ನಡಕ್ಕೆ ಒದಗುತ್ತದೆ ಎಂಬುದು ನಮ್ಮ ಪ್ರಶ್ನೆ.

2. ನಿಘಂಟಿಗೆ ಮುಗಿಬಿದ್ದ ಓದುಗರು

1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಭಾನುವಾರದ ವಿನೋದ ಪುರವಣಿಯಲ್ಲಿ ಆರ್ಥರ್ ವಿನ್ ರಚಿಸಿದ ವಜ್ರಾಕೃತಿಯ ಒಗಟು ಪ್ರಕಟವಾಯಿತು. ಅದನ್ನೇ ಆಧುನಿಕ ಪದಬಂಧದ ಆರಂಭವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. 1924ರಲ್ಲಿ ಸೈಮನ್ ಅಂಡ್ ಶುಸ್ಟರ್ ಸಂಸ್ಥೆಯು ಪದಬಂಧಗಳ ಮೊದಲ ಪುಸ್ತಕವನ್ನು ಪೆನ್ಸಿಲೊಂದನ್ನು ಜೋಡಿಸಿ ಹೊರತಂದಿತು. ಆಟವು ಗೀಳಾಗಿ ಹಬ್ಬಿತು. ಆ ಕಾಲದಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವು, ಪದಬಂಧಪ್ರಿಯರು ನಿಘಂಟು ಮತ್ತು ವಿಶ್ವಕೋಶಗಳನ್ನು ಮುತ್ತಿಕೊಂಡು ಇತರ ಓದುಗರಿಗೆ ಅವು ಸಿಗದಂತೆ ಮಾಡುತ್ತಿದ್ದಾರೆಂದು ದೂರಿತು. ಬಾಲ್ಟಿಮೋರ್ ಅಂಡ್ ಓಹಾಯೊ ರೈಲ್ವೆಯು ತನ್ನ ಗಾಡಿಗಳಲ್ಲಿ ಪ್ರಯಾಣಿಕರಿಗಾಗಿ ನಿಘಂಟುಗಳನ್ನು ಇರಿಸಿತು. ಈ ಆಟವನ್ನು 1924ರಲ್ಲಿ ಕಟುವಾಗಿ ಟೀಕಿಸಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1942ರಲ್ಲಿ ತನ್ನದೇ ಭಾನುವಾರದ ಪದಬಂಧವನ್ನೂ 1950ರಲ್ಲಿ ದೈನಿಕ ಪದಬಂಧವನ್ನೂ ಆರಂಭಿಸಿತು.

ಗ್ರಂಥಾಲಯದ ದೂರಿನಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಕಾರಾದಿ ಕ್ರಮದ ನಿಘಂಟು ಪದದ ಮೊದಲ ಅಕ್ಷರವನ್ನು ಬಲ್ಲವನಿಗೆ ಮಾತ್ರ ಬೇಗ ನೆರವಾಗುತ್ತದೆ. ಮೂರನೆಯ ಅಕ್ಷರವನ್ನಷ್ಟೇ ಬಲ್ಲವನು ಇಡೀ ಸಂಪುಟವನ್ನು ಮಗುಚಬೇಕು. ಓದುಗರು ನಿಘಂಟನ್ನು ಅಷ್ಟು ಹೊತ್ತು ಹಿಡಿದು ಕುಳಿತಿದ್ದಕ್ಕೆ ಗೀಳಿನಷ್ಟೇ ಆ ಗ್ರಂಥದ ವಿನ್ಯಾಸವೂ ಕಾರಣವಾಗಿರಬೇಕು.

3. ನೆರವು ಇರುವುದೆಲ್ಲಿ: ಚೌಕಟ್ಟಿನಲ್ಲೋ, ಸುಳಿವಿನಲ್ಲೋ

ಹೊರಗಿನ ನೆರವಿನ ಅಗತ್ಯವನ್ನು ಒಳಗಿನ ನೆರವಿನ ಪ್ರಮಾಣ ನಿರ್ಧರಿಸುತ್ತದೆ. ಅಮೆರಿಕದ ಪದಬಂಧದಲ್ಲಿ ಪ್ರತಿಯೊಂದು ಮನೆಯೂ ಅಡ್ಡಸಾಲಿಗೂ ಕಂಬಸಾಲಿಗೂ ಸೇರುತ್ತದೆ. ಅಲ್ಲಿ ಒಂದು ಪದ ತಿಳಿಯದಿದ್ದರೂ ಅದನ್ನು ಹಾಯುವ ಪದಗಳು ಅದನ್ನು ಕಟ್ಟಿಕೊಡುತ್ತವೆ. ಬ್ರಿಟನ್ನಿನ ಚೌಕಟ್ಟಿನಲ್ಲಿ ಸುಮಾರು ಅರ್ಧದಷ್ಟು ಮನೆಗಳಿಗೆ ಮಾತ್ರ ಈ ಹಾಯುವಿಕೆಯ ಆಸರೆಯಿದೆ. ಆ ಕೊರತೆಯನ್ನು ಅಲ್ಲಿನ ಗೂಢ ಸುಳಿವು ತುಂಬುತ್ತದೆ: ಸುಳಿವಿನ ಒಂದು ಭಾಗ ಅರ್ಥವನ್ನು ಹೇಳಿದರೆ ಇನ್ನೊಂದು ಭಾಗ ಅಕ್ಷರಗಳ ಜೋಡಣೆಯನ್ನು ಸೂಚಿಸುತ್ತದೆ. ಕ್ಸಿಮೆನೀಸ್ ಎಂಬ ಹೆಸರಿನಲ್ಲಿ ಪದಬಂಧ ರಚಿಸುತ್ತಿದ್ದ ಡೆರಿಕ್ ಸೋಮರ್ಸೆಟ್ ಮ್ಯಾಕ್‌ನಟ್ 1966ರ ತನ್ನ ಗ್ರಂಥದಲ್ಲಿ ಈ ಎರಡು ಭಾಗಗಳೂ ಓದುಗನಿಗೆ ನ್ಯಾಯವಾಗಿರಬೇಕೆಂದು ನಿಯಮಗಳನ್ನು ರೂಪಿಸಿದನು. ನ್ಯಾಯವಾದ ಸುಳಿವೆಂದರೆ ತನ್ನ ಉತ್ತರವನ್ನು ತಾನೇ ದೃಢಪಡಿಸುವ ಸುಳಿವು.

ಚೌಕಟ್ಟಿನ ಸಾಧ್ಯತೆಗೆ ಭಾಷೆಯೂ ಮಿತಿ ಹಾಕುತ್ತದೆ. ಕ್ಲಾಡ್ ಶಾನನ್ 1948ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಗುರುತಿಸಿದನು. ಅವನ ಪ್ರಕಾರ ಒಂದು ಭಾಷೆಯ ಬರಹದಲ್ಲಿ ಪುನರುಕ್ತಿಯ ಪ್ರಮಾಣ ಮಿತಿಮೀರಿದ್ದರೆ ದೊಡ್ಡ ಪದಬಂಧಗಳು ಅಸಾಧ್ಯ. ಅದು ಸುಮಾರು 50 ಶೇಕಡ ಇದ್ದಲ್ಲಿ ಎರಡು ಆಯಾಮದ ದೊಡ್ಡ ಪದಬಂಧಗಳು ಸಾಧ್ಯವಾಗುತ್ತವೆ. ಪದಬಂಧವು ಬರಹದ ಘಟಕಗಳ ರಚನೆಗೆ ಹಿಡಿದ ಕನ್ನಡಿ ಎಂಬುದು ಇದರಿಂದ ಸ್ಪಷ್ಟ.

4. ಕೋಶದ ಮರುಜೋಡಣೆ

ಅರ್ಥದಿಂದ ಪದಕ್ಕೆ ಸಾಗುವ ಕೋಶಗಳು ಹೊಸವಲ್ಲ. 1852ರಲ್ಲಿ ಪ್ರಕಟವಾದ ರೋಜೆಯ ಪರ್ಯಾಯಪದಕೋಶ ಪದಗಳನ್ನು ಅರ್ಥವರ್ಗಗಳಾಗಿ ಜೋಡಿಸಿತ್ತು. ನಮ್ಮಲ್ಲಿ ಈ ಮಾರ್ಗ ಇನ್ನೂ ಪ್ರಾಚೀನವಾದುದು. ಅಮರಕೋಶವು ಪದಗಳನ್ನು ವರ್ಗಗಳಲ್ಲಿ, ಕಂಠಪಾಠಕ್ಕೆ ಒಗ್ಗುವ ಪದ್ಯಗಳಲ್ಲಿ ಹಿಡಿದಿಟ್ಟಿದೆ. ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ ಎಂಬ ಹೆಸರೇ ಆ ನಿಘಂಟು ಯಾರಿಗಾಗಿ ಹುಟ್ಟಿತೆಂಬುದನ್ನು ಹೇಳುತ್ತದೆ. ಅರ್ಥ ಗೊತ್ತಿದ್ದು ಛಂದಸ್ಸಿಗೆ ಹೊಂದುವ ಮಾತ್ರೆಗಳ ಪದವನ್ನು ಅರಸುವ ಕವಿಯ ಅಗತ್ಯಕ್ಕೂ, ಮನೆಗಳ ಲೆಕ್ಕಕ್ಕೆ ಹೊಂದುವ ಪದವನ್ನು ಅರಸುವ ಓದುಗನ ಅಗತ್ಯಕ್ಕೂ ಹತ್ತಿರದ ನಂಟಿದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ಕೋಶದಂತಹ ಆಧುನಿಕ ಕೋಶಗಳು ಅಕಾರಾದಿ ಕ್ರಮವನ್ನು ಅನುಸರಿಸಿದವು. ಇದರಿಂದ ಓದುವವನಿಗೆ ಅನುಕೂಲವಾಯಿತು. ಪದವನ್ನು ಅರಸುವವನಿಗೆ ಹಳೆಯ ದಾರಿ ಮರೆಯಾಯಿತು.

ಇಂಗ್ಲಿಷಿನಲ್ಲಿ ಪದಬಂಧಕ್ಕೆಂದೇ ಕೋಶಗಳು ಹುಟ್ಟಿದವು. ಆನ್ ಬ್ರಾಡ್‌ಫರ್ಡ್ ದಶಕಗಳ ಕಾಲ ತಾನು ಬಿಡಿಸಿದ ಪದಬಂಧಗಳಿಂದಲೇ ಸುಳಿವು ಮತ್ತು ಉತ್ತರಗಳನ್ನು ಕೂಡಿಸಿ, ಸುಳಿವಿನ ಪದದ ಕೆಳಗೆ ಉತ್ತರಗಳನ್ನು ಜೋಡಿಸಿದ ಕೋಶವನ್ನು ರಚಿಸಿದಳು. ಮುಂದಿನ ಹೆಜ್ಜೆ ಗಣಕಯಂತ್ರದ್ದು. 1970ರ ದಶಕದ ಯುನಿಕ್ಸ್ ವ್ಯವಸ್ಥೆಯ ಗ್ರೆಪ್ ಎಂಬ ಶೋಧಕದಲ್ಲಿ ಒಂದು ಚುಕ್ಕಿ ಒಂದು ಅಜ್ಞಾತ ಅಕ್ಷರಕ್ಕೆ ನಿಲ್ಲುತ್ತದೆ. ಪದಪಟ್ಟಿಯೊಂದು ಜೊತೆಗಿದ್ದರೆ ಮೂರನೆಯ ಅಕ್ಷರದಿಂದಲೂ ಪದವನ್ನು ಕ್ಷಣದಲ್ಲಿ ಹುಡುಕಬಹುದು. ಆ ಕಾಲದ ಗ್ರಂಥಾಲಯದಲ್ಲಿ ಓದುಗರು ಗಂಟೆಗಟ್ಟಲೆ ಮಾಡಬೇಕಿದ್ದ ಕೆಲಸವನ್ನು ಈ ಚುಕ್ಕಿ ಮುಗಿಸಿತು.

5. ಕನ್ನಡದ ಮನೆ

ಆದರೆ ಈ ಚುಕ್ಕಿಯು ಕನ್ನಡದಲ್ಲಿ ಹಾಗೆಯೇ ಕೆಲಸ ಮಾಡುವುದಿಲ್ಲ. ಕನ್ನಡ ಪದಬಂಧದ ಒಂದು ಮನೆಯಲ್ಲಿ ನಿಲ್ಲುವುದು ಒಂದು ಧ್ವನಿಮಾ ಅಲ್ಲ, ಒಂದು ಅಕ್ಷರ. ಗುಣಿತ, ಒತ್ತು, ಅನುಸ್ವಾರಗಳೆಲ್ಲ ಅದರೊಳಗೇ ಅಡಗಿರುತ್ತವೆ. ‘ಕನ್ನಡ’ ಮೂರು ಮನೆಗಳ ಪದ. ಯುನಿಕೋಡ್ ಸಂಕೇತದಲ್ಲಿ ಅದು ಐದು ಘಟಕಗಳಾಗಿ ಬಿಡಿಯುತ್ತದೆ. ‘ಶಾಸ್ತ್ರ’ ಎರಡೇ ಮನೆಗಳ ಪದವಾದರೂ ಸಂಕೇತದಲ್ಲಿ ಏಳು ಘಟಕಗಳನ್ನು ಹಿಡಿಯುತ್ತದೆ. ಘಟಕಕ್ಕೊಂದರಂತೆ ಎಣಿಸುವ ಶೋಧಕಕ್ಕೆ ಮೂರು ಚುಕ್ಕಿಗಳನ್ನು ಕೊಟ್ಟರೆ ಅದು ‘ಕನ್ನಡ’ವನ್ನು ಬಿಟ್ಟು, ಎರಡು ಮನೆಗಳ ‘ಮನೆ’ಯನ್ನು ತಂದೊಪ್ಪಿಸುತ್ತದೆ. ತಿರುವುಮುರುವಾಗಿ ಓದುವ ಸುಳಿವಿನಲ್ಲಿಯೂ ಇದೇ ತೊಡಕು. ‘ವಿಕಟಕವಿ’ ಎರಡು ಕಡೆಯಿಂದಲೂ ಒಂದೇ ಎಂಬುದನ್ನು ಮಕ್ಕಳೂ ಬಲ್ಲರು. ಆದರೆ ಧ್ವನಿಮಾಗಳ ಮಟ್ಟದಲ್ಲಾಗಲಿ ಯುನಿಕೋಡ್ ಘಟಕಗಳ ಮಟ್ಟದಲ್ಲಾಗಲಿ ಅದು ಹಾಗಿಲ್ಲ. ಸಾಮಾನ್ಯ ಓದುಗನ ಭಾಷಾಪ್ರಜ್ಞೆಯಲ್ಲಿ ಅಕ್ಷರವೇ ಘಟಕವೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

ಅಕ್ಷರವು ಘಟಕವಾದುದರಿಂದ ಎರಡು ಪರಿಣಾಮಗಳುಂಟು. ಸಾಧ್ಯ ಅಕ್ಷರಗಳ ಸಂಖ್ಯೆ ಇಂಗ್ಲಿಷಿನ 26ಕ್ಕಿಂತ ಬಹುಪಾಲು ಹೆಚ್ಚಿರುವುದರಿಂದ, ತುಂಬಿದ ಒಂದು ಮನೆ ಬಿಡಿಸುವವನಿಗೆ ಅಷ್ಟೇ ಹೆಚ್ಚು ಮಾಹಿತಿ ಕೊಡುತ್ತದೆ. ಅದೇ ಕಾರಣದಿಂದ ರಚಿಸುವವನಿಗೆ ಹಾಯುವ ಪದಗಳನ್ನು ಹೊಂದಿಸುವುದು ಕಠಿಣವಾಗುತ್ತದೆ, ಕಪ್ಪು ಮನೆಗಳ ಅಗತ್ಯ ಹೆಚ್ಚುತ್ತದೆ.

ರೂಪವಿಜ್ಞಾನದ ತೊಡಕು ಬೇರೆಯದು. ಉತ್ತರ ‘ಊರಿಗೆ’ ಎಂದಿದ್ದರೆ ನಿಘಂಟಿನಲ್ಲಿ ಸಿಗುವುದು ‘ಊರು’ ಮಾತ್ರ. ವಿಭಕ್ತಿಯನ್ನು ಬಿಡಿಸಿ ಪ್ರಕೃತಿಯನ್ನು ಕಾಣಬಲ್ಲವನಿಗಷ್ಟೇ ಆ ನಿಘಂಟು ನೆರವಾದೀತು.

ಮನುಷ್ಯರ ನೆರವು ಈ ತೊಡಕನ್ನು ದಾಟುತ್ತದೆ, ಆದರೆ ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ. ‘ಹೆಚ್ಚುವಾಗ ಕಣ್ಣೀರು ತರಿಸುವ ಗಡ್ಡೆ’ ಎಂಬ ಸುಳಿವನ್ನು ಊಹಿಸಿಕೊಳ್ಳೋಣ. ಮೈಸೂರು ಸೀಮೆಯವರು ‘ಈರುಳ್ಳಿ’ ಎನ್ನುತ್ತಾರೆ, ಕರಾವಳಿಯವರು ‘ನೀರುಳ್ಳಿ’ ಎನ್ನುತ್ತಾರೆ, ಉತ್ತರ ಕರ್ನಾಟಕದವರು ‘ಉಳ್ಳಾಗಡ್ಡಿ’ ಎನ್ನುತ್ತಾರೆ. ಮೊದಲೆರಡು ಪದಗಳಿಗೆ ಮೂರು ಮನೆಗಳು, ಮೂರನೆಯದಕ್ಕೆ ನಾಲ್ಕು. ಮೂರೂ ಉತ್ತರಗಳು ಸರಿ. ಚೌಕಟ್ಟು ಒಂದನ್ನೇ ಒಪ್ಪುತ್ತದೆ. ಕೇಳಿದವನು ಧಾರವಾಡದ ಅಜ್ಜಿಯನ್ನು ಕೇಳಿ ಸರಿಯಾದ ಉತ್ತರ ಪಡೆದು ತಪ್ಪೆನಿಸಿಕೊಳ್ಳಬಹುದು. ನಾಲ್ಕು ಮನೆಗಳ ಚೌಕಟ್ಟು ಅಪರೂಪವಾದಷ್ಟೂ ಒಂದು ಸೀಮೆಯ ರೂಪವೇ ‘ಕನ್ನಡ ಪದ’ವೆಂಬ ಭಾವನೆ ದಿನನಿತ್ಯ ಸದ್ದಿಲ್ಲದೆ ಬಲಿಯುತ್ತದೆ.

6. ಸಮಾರೋಪ

ಇಂಗ್ಲಿಷ್ ಪದಬಂಧದ ನೆರವು ಒಂದು ಶತಮಾನದಲ್ಲಿ ಅಕಾರಾದಿ ನಿಘಂಟಿನಿಂದ ಉದ್ದ ಮತ್ತು ಸ್ಥಾನಗಳ ಶೋಧಕ್ಕೆ ಬಂದು ಮುಟ್ಟಿತು. ಪ್ರತಿ ಹಂತದಲ್ಲಿಯೂ ಶಬ್ದಸಂಪತ್ತನ್ನು ಬಳಸುವವನ ದಿಕ್ಕಿನಿಂದ ಮರುಜೋಡಿಸಲಾಯಿತು. ಕನ್ನಡಕ್ಕೆ ಆ ಉಪಕರಣಗಳನ್ನು ಎರವಲು ತಂದರೆ ಸಾಲದು. ಅವು ಎಣಿಸುವ ಘಟಕವೇ ಬೇರೆ. ಅಕ್ಷರವನ್ನು ಘಟಕವಾಗಿಟ್ಟು, ವಿಭಕ್ತಿರೂಪಗಳನ್ನು ಪ್ರಕೃತಿಯೊಡನೆ ಬೆಸೆದು, ಪ್ರಾದೇಶಿಕ ರೂಪಗಳನ್ನು ಸಮಾನ ಸ್ಥಾನದಲ್ಲಿ ನಮೂದಿಸುವ ಪದಪಟ್ಟಿ ಬೇಕು. ಪದಾಂತ್ಯದ ವ್ಯಂಜನಕ್ಕೆ ಪ್ರತ್ಯೇಕ ಮನೆಯೇ ಎಂಬಂತಹ ಪ್ರಶ್ನೆಗಳನ್ನು ಅಲ್ಲಿ ಸ್ಪಷ್ಟವಾಗಿ ನಿರ್ಣಯಿಸಬೇಕಾಗುತ್ತದೆ. ಅಂತಹ ಪಟ್ಟಿ ಪದಬಂಧ ಬಿಡಿಸುವವರಿಗೆ ನೆರವಾಗುವುದರ ಜೊತೆಗೆ ಛಂದಸ್ಸು, ಬರಹದ ಗ್ರಹಿಕೆ ಮತ್ತು ಉಪಭಾಷೆಗಳ ಸಂಶೋಧಕರಿಗೂ ಆಕರವಾಗುತ್ತದೆ. ಸುಳಿವು ಹೇಳದೆ ಹೋದ ಪದವನ್ನು ಅರಸುವ ಓದುಗನು ಕೇಳುತ್ತಿರುವುದು ಭಾಷಾವಿಜ್ಞಾನಿಯೇ ಉತ್ತರಿಸಬೇಕಾದ ಪ್ರಶ್ನೆಯನ್ನು: ಕನ್ನಡದಲ್ಲಿ ಪದವೆಂದರೆ ಯಾವುದು, ಮತ್ತು ಅದು ಯಾರದು?