ಗಿರಾಕಿಯ ಗುಟ್ಟು ಬರೆದಿಟ್ಟವರು

ಗಿರಾಕಿಯ ಬಗ್ಗೆ ವ್ಯಾಪಾರಿ ಎಷ್ಟು ತಿಳಿದುಕೊಳ್ಳಬಹುದು, ತಿಳಿದದ್ದನ್ನು ಯಾರಿಗೆ ಮಾರಬಹುದು ಎಂಬ ಪ್ರಶ್ನೆ ಕೃತಕ ಬುದ್ಧಿಮತ್ತೆಗಿಂತ ಬಹಳ ಹಳೆಯದು. 1837ರ ಆರ್ಥಿಕ ಕುಸಿತದಲ್ಲಿ ಕೈಸುಟ್ಟುಕೊಂಡ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟ್ಯಾಪನ್ 1841ರಲ್ಲಿ ಮರ್ಕಂಟೈಲ್ ಏಜೆನ್ಸಿ ತೆರೆದ. ದೂರದ ಊರುಗಳ ವಕೀಲರು ತಮ್ಮೂರ ವರ್ತಕರ ಆಸ್ತಿ, ಸಾಲ, ನಡತೆ, ಕುಡಿತದ ಚಾಳಿಯನ್ನೆಲ್ಲ ಬರೆದು ಕಳಿಸುತ್ತಿದ್ದರು. ಗುಮಾಸ್ತರು ಅದನ್ನು ದಪ್ಪ ಲೆಡ್ಜರುಗಳಿಗೆ ಏರಿಸುತ್ತಿದ್ದರು. ಚಂದಾ ಕಟ್ಟಿದ ವ್ಯಾಪಾರಿಗೆ ಅದು ತಿಳಿಯುತ್ತಿತ್ತು, ಯಾರ ಬಗ್ಗೆ ಬರೆದಿದ್ದರೋ ಅವನಿಗೆ ಮಾತ್ರ ತಿಳಿಯುತ್ತಿರಲಿಲ್ಲ. ಟ್ಯಾಪನ್ ಕೆಟ್ಟವನಲ್ಲ. ಗುಲಾಮಗಿರಿಯ ವಿರುದ್ಧ ಹಣ, ಹೆಸರು ಎರಡನ್ನೂ ಪಣಕ್ಕಿಟ್ಟು ಹೋರಾಡಿದ ದೈವಭಕ್ತ. ಅಂಥವನು ಕಟ್ಟಿದ ಸಂಸ್ಥೆಗೇ ಈ ಕುರುಡು ಇತ್ತೆಂದರೆ, ಮಾಲೀಕನ ಒಳ್ಳೆಯತನವನ್ನು ನಂಬಿ ಗಿರಾಕಿಯ ಮಾಹಿತಿಯನ್ನು ಬಿಟ್ಟುಕೊಡಲಾಗದು ಎಂದೇ ನನ್ನ ವಾದ.

1899ರಲ್ಲಿ ಅಟ್ಲಾಂಟಾದ ವುಲ್ಫೋರ್ಡ್ ಸಹೋದರರು ರೀಟೇಲ್ ಕ್ರೆಡಿಟ್ ಕಂಪನಿ ಶುರುಮಾಡಿ ಈ ಕಸುಬನ್ನು ಸಾಮಾನ್ಯರ ಮನೆಬಾಗಿಲಿಗೆ ತಂದರು. ಅವರು ಅಂಗಡಿಕಾರರಿಗೆ ಮಾರುತ್ತಿದ್ದ ಕೈಪಿಡಿಯಲ್ಲಿ ಒಂದೊಂದು ಹೆಸರಿನ ಮುಂದೆ ಒಂದು ಷರಾ: ಸಕಾಲಕ್ಕೆ ಕೊಡುವವ, ನಿಧಾನ, ಇಲ್ಲವೇ ನಗದಿಗೆ ಮಾತ್ರ. ಮುಂದೆ ವಿಮಾ ಕಂಪನಿಗಳಿಗೂ ವರದಿ ಕೊಡತೊಡಗಿದ ಮೇಲೆ ಷರಾ ಬೆಳೆಯಿತು. ಕಂಪನಿಯ ತನಿಖೆಗಾರರು ನೆರೆಹೊರೆಯವರನ್ನು ಮಾತಿಗೆಳೆದು ದಾಂಪತ್ಯದ ಜಗಳ, ಕುಡಿತ, ರಾಜಕೀಯ ಒಲವುಗಳನ್ನೂ ಕಡತಕ್ಕೆ ಸೇರಿಸಿದರು. ಗಾಳಿಮಾತಿನಿಂದ ವಿಮೆಯೋ ಕೆಲಸವೋ ಕೈತಪ್ಪಿದವನಿಗೆ ಕಾರಣ ತಿಳಿಯುವ ದಾರಿಯೇ ಇರಲಿಲ್ಲ.

ಇಂಥ ಕಡತಗಳಿಲ್ಲದೆ ಅಪರಿಚಿತನಿಗೆ ಉದ್ರಿ ಕೊಡುವವರಾರು ಎಂದು ಕೇಳಬಹುದು. ಮಾತು ನಿಜ; ಊರಿನಾಚೆಯವರಿಗೂ ಸಾಲ ಸಿಕ್ಕಿದ್ದು ಇವುಗಳಿಂದಲೇ. ಆದರೆ ಆ ಲಾಭಕ್ಕೆ ಗುಟ್ಟು ಅನಿವಾರ್ಯವಾಗಿರಲಿಲ್ಲ. 1970ರಲ್ಲಿ ಅಮೆರಿಕದ ಸಂಸತ್ತು ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ ತಂದು ಕಡತದಲ್ಲಿ ಏನಿದೆಯೆಂದು ಕೇಳುವ, ತಪ್ಪಿದ್ದರೆ ತಕರಾರು ಹೂಡುವ ಹಕ್ಕನ್ನು ಕೊಟ್ಟಿತು. ಸಾಲದ ಮಾರುಕಟ್ಟೆ ಅದರಿಂದ ಕುಸಿಯಲಿಲ್ಲ, ಬೆಳೆಯಿತು. ರೀಟೇಲ್ ಕ್ರೆಡಿಟ್ ಕಂಪನಿ 1975ರಲ್ಲಿ ಈಕ್ವಿಫ್ಯಾಕ್ಸ್ ಎಂದು ಹೆಸರು ಬದಲಿಸಿಕೊಂಡಿತು. 2017ರಲ್ಲಿ ಅದರ ಕಣಜದಿಂದಲೇ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿತು. ಕೂಡಿಟ್ಟವರ ಹೊಣೆ ಎಷ್ಟು ದೊಡ್ಡದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಸಾಲದ ತೀರ್ಮಾನ ಮಾಡುವ ಅಲ್ಗಾರಿದಮ್ ತನ್ನ ಕಾರಣ ಹೇಳಲಾರದು, ಅದರ ಲೆಕ್ಕ ಅಷ್ಟು ಜಟಿಲ ಎಂಬುದು ಕಂಪನಿಗಳ ಇಂದಿನ ತಕರಾರು. ಅಮೆರಿಕದ ಗ್ರಾಹಕ ಹಣಕಾಸು ಸಂರಕ್ಷಣಾ ಸಂಸ್ಥೆ 2022ರಲ್ಲೇ ಇದನ್ನು ತಳ್ಳಿಹಾಕಿತು: ಸಾಲ ನಿರಾಕರಿಸಿದವರು ನಿರ್ದಿಷ್ಟ ಕಾರಣ ಕೊಡಲೇಬೇಕು, ಯಂತ್ರದ ಜಟಿಲತೆ ನೆಪವಾಗದು. ಕಾರಣ ಹೇಳಲಾಗದ ಯಂತ್ರವನ್ನು ಆರಿಸಿಕೊಂಡದ್ದು ಕಂಪನಿಯೇ ತಾನೆ? ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ನೋಡುವ, ತಿದ್ದಿಸುವ ಹಕ್ಕು ಕೊಟ್ಟಿದೆ. ಯಂತ್ರ ಕೊಟ್ಟ ತೀರ್ಮಾನಕ್ಕೆ ವಿವರಣೆ ಕೇಳುವ ಹಕ್ಕು ಅದರಲ್ಲಿಲ್ಲ. ಅದನ್ನು ಸೇರಿಸಬೇಕು.