ಆಫ್ರಿಕನ್ ವಯೊಲೆಟ್: ಹಳೆಯ ಗಿಡಗಳ ಪುನಶ್ಚೇತನ ಮತ್ತು ಸಸ್ಯಾಭಿವೃದ್ಧಿ

ಪೂರ್ವ ಆಫ್ರಿಕಾದ ಟಾಂಜಾನಿಯಾ ಮತ್ತು ಕೀನ್ಯಾ ಮೂಲದ ಈ ಅಲಂಕಾರಿಕ ಸಸ್ಯವು ವಯಸ್ಸಾದಂತೆ ಕೆಳಗಿನ ಎಲೆಗಳನ್ನು ಕಳೆದುಕೊಂಡು ಕಾಂಡವು ಬೋಳಾಗುತ್ತದೆ. ಇಂತಹ ಗಿಡಗಳನ್ನು ಎಸೆಯುವ ಅಗತ್ಯವಿಲ್ಲ. ಗಟ್ಟಿಯಾದ ಕಾಂಡವನ್ನು ಮಣ್ಣಿನಲ್ಲಿ ಹೂಳಿದಲ್ಲಿ ಹೊಸ ಬೇರುಗಳು ಬರುತ್ತವೆ.

ಸವರುವಿಕೆ: ಹಳದಿಯಾದ ಹಾಗೂ ಒಣಗಿದ ಎಲೆಗಳನ್ನು ತೊಟ್ಟುಸಹಿತ ತೆಗೆಯಬೇಕು.

ಕುಂಡ ಬದಲಾವಣೆ: ಬೋಳು ಕಾಂಡದ ಉದ್ದದಷ್ಟೇ ಬೇರಿನ ತಳಭಾಗವನ್ನು ಕತ್ತರಿಸಿ, ಕೆಳಗಿನ ಎಲೆಗಳು ಕುಂಡದ ಅಂಚಿಗೆ ಬರುವಂತೆ ಗಿಡವನ್ನು ಇಳಿಸಿ ನೆಡಬೇಕು. ಕುಂಡದ ವ್ಯಾಸವು ಗಿಡದ ಹರವಿನ ಮೂರನೇ ಒಂದು ಭಾಗದಷ್ಟಿರಬೇಕು. ದೊಡ್ಡ ಕುಂಡದಲ್ಲಿ ತೇವಾಂಶ ಹೆಚ್ಚಾಗಿ ಬೇರು ಕೊಳೆಯುತ್ತದೆ.

ಸಸ್ಯಾಭಿವೃದ್ಧಿ: ಆರೋಗ್ಯವಂತ ಎಲೆಯ ತೊಟ್ಟನ್ನು ಸುಮಾರು 3 ಸೆಂ.ಮೀ. ಉಳಿಸಿ, ಓರೆಯಾಗಿ ಕತ್ತರಿಸಿ, ತೇವವಿರುವ ಕೊಕೊಪೀಟ್ ಮತ್ತು ಪರ್ಲೈಟ್ ಮಿಶ್ರಣದಲ್ಲಿ ನೆಡಬೇಕು. 3ರಿಂದ 4 ವಾರಗಳಲ್ಲಿ ಬೇರು ಬಂದು, ನಂತರ ಬುಡದಲ್ಲಿ ಮರಿಗಿಡಗಳು ಮೂಡುತ್ತವೆ.

ಸೂಚನೆ: ಕಾಂಡವು ಪೂರ್ಣ ಕೊಳೆತಿದ್ದಲ್ಲಿ ವಿಳಂಬ ಮಾಡದೆ ಉತ್ತಮ ಎಲೆಗಳನ್ನು ಬೇರ್ಪಡಿಸಿ ನೆಡುವುದೊಂದೇ ಗಿಡವನ್ನು ಉಳಿಸಿಕೊಳ್ಳುವ ಮಾರ್ಗವಾಗಿರುತ್ತದೆ.